ನೆಲದಡಿಗೆ ಇಳಿದವರು ಯಾರು?

ಕಳೆದ ಚಳಿಗಾಲದ ಒಂದು ಶನಿವಾರ ಶುಗರ್ ಲ್ಯಾಂಡಿನ ಐದಾರು ಕನ್ನಡ ಕುಟುಂಬಗಳು ಕೂಡಿ ಹ್ಯೂಸ್ಟನ್ ನಗರದ ಬಫಲೊ ಬಯೂ ಉದ್ಯಾನದಡಿ ಇರುವ ಹಳೆಯ ಜಲಾಶಯವನ್ನು ನೋಡಲು ಹೋಗಿದ್ದೆವು. ಟಿಕೆಟ್ ಪಡೆದು, ಮಾರ್ಗದರ್ಶಕರ ಹಿಂದೆ ಸಾಲಾಗಿ ನಡೆದು ಒಳಹೊಕ್ಕಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕಾಯಿತು. ಆಮೇಲೆ ಕಂಡದ್ದು 25 ಅಡಿ ಎತ್ತರದ 221 ಕಾಂಕ್ರೀಟು ಕಂಬಗಳು. ತಳದಲ್ಲಿ ಉಳಿಸಿಕೊಂಡಿರುವ ತೆಳುವಾದ ನೀರಿನಲ್ಲಿ ಅವುಗಳ ಪ್ರತಿಬಿಂಬ ಬಿದ್ದು, ಕಂಬಗಳು ಪಾತಾಳದವರೆಗೂ ಇಳಿದಿವೆಯೇನೋ ಎಂಬ ಭ್ರಮೆ ಹುಟ್ಟುತ್ತದೆ. 1926-27ರಲ್ಲಿ ಹ್ಯೂಸ್ಟನ್ನಿನ ಕುಡಿಯುವ ನೀರಿಗಾಗಿ ಕಟ್ಟಿದ ಈ ಜಲಾಶಯ ಒಂದೂವರೆ ಕೋಟಿ ಗ್ಯಾಲನ್ ನೀರು ಹಿಡಿಯುತ್ತಿತ್ತು. ಸರಿಪಡಿಸಲಾಗದ ಸೋರಿಕೆಯಿಂದಾಗಿ 2007ರಲ್ಲಿ ಬಳಕೆ ನಿಂತಿತು. ಕೆಡವಿಬಿಡುವ ಯೋಚನೆ ನಡೆದಿದ್ದ 2010ರಲ್ಲಿ ಉದ್ಯಾನ ರೂಪಿಸುತ್ತಿದ್ದವರ ಕಣ್ಣಿಗೆ ಬಿದ್ದು ಉಳಿದುಕೊಂಡಿತು. 2016ರಿಂದ ಸಾರ್ವಜನಿಕರಿಗೆ ತೆರೆದಿದೆ.

ಇಲ್ಲಿ ಒಂದು ಸದ್ದು ಹದಿನೇಳು ಸೆಕೆಂಡು ಮಾರ್ದನಿಸುತ್ತದೆ ಎಂದು ಮಾರ್ಗದರ್ಶಕರು ಹೇಳಿದರು. ಕೂಡಲೇ ನಮ್ಮ ಗುಂಪಿನ ಗೆಳೆಯರೊಬ್ಬರು ‘ಸಿರಿಗನ್ನಡಂ ಗೆಲ್ಗೆ’ ಎಂದು ಕೂಗಿದರು. ಕನ್ನಡ ಗೆಲ್ಲುತ್ತಲೇ ಹೋಯಿತು, ಮಕ್ಕಳು ನಕ್ಕರು. ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ಹಿರಿಯರು ಮಾತ್ರ ಅಷ್ಟೊಂದು ಬೆರಗಾಗಲಿಲ್ಲ. “ಇದೇನ್ ದೊಡ್ಡ ಮಾತ್ರೀ? ನೂರು ವರ್ಷದ್ದು. ಹಂಪ್ಯಾಗ ನಮ್ಮವರು ಐನೂರು ವರ್ಷದ ಹಿಂದನ ಇದಕ್ಕಿಂತ ಚಂದ ಕಟ್ಟಿಸ್ಯಾರ,” ಎಂದರು. ಮರಳುವಾಗ ಕಾರಿನಲ್ಲಿ ಅದೇ ಮಾತು ಬೆಳೆಯಿತು. ಲಕ್ಕುಂಡಿಯ ಬಾವಿಗಳು ಬಂದವು, ಗುಜರಾತಿನ ರಾಣಿ ಕಿ ವಾವ್ ಬಂತು. ಮನೆ ಮುಟ್ಟುವಷ್ಟರಲ್ಲಿ ಲೋಕದ ನೀರಾವರಿಯನ್ನೆಲ್ಲ ನಮ್ಮವರೇ ಕಲಿಸಿಕೊಟ್ಟಂತಾಗಿತ್ತು. ನಾನೂ ತಲೆಯಾಡಿಸುತ್ತ ಕುಳಿತಿದ್ದೆ.

ಆ ತಲೆಯಾಡಿಸುವಿಕೆಯ ವಿರುದ್ಧವೇ ಈ ಬರಹ. ಹಿರಿಯರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರ ಕೊನೆಯ ಕ್ರಿಯಾಪದವನ್ನು ಗಮನಿಸಿ: ‘ಕಟ್ಟಿಸ್ಯಾರ’. ಕಟ್ಟಿದ್ದಾರೆ ಎಂದಲ್ಲ, ಕಟ್ಟಿಸಿದ್ದಾರೆ. ಕನ್ನಡದ ಪ್ರೇರಣಾರ್ಥಕ ಪ್ರತ್ಯಯವೊಂದು ಸಾವಿರಾರು ಜನರನ್ನು ನುಂಗಿ ಹಾಕಿದೆ. ಕೆರೆಯನ್ನು ಕಟ್ಟಿಸಿದ, ತೂಬನ್ನು ಇಡಿಸಿದ, ಬಾವಿಯನ್ನು ತೋಡಿಸಿದ ಎಂದು ನಮ್ಮ ಶಾಸನಗಳು ಶತಮಾನಗಳಿಂದ ಹೇಳುತ್ತ ಬಂದಿವೆ. ಅರಸನ ಹೆಸರುಂಟು, ದಾನಿಯ ಹೆಸರುಂಟು. ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮನಂಥ ರೂವಾರಿಯ ಹೆಸರೂ ಸಿಗುತ್ತದೆ. ಮಣ್ಣು ಅಗೆದು ಬುಟ್ಟಿ ಹೊತ್ತವರ ಹೆಸರು ಹುಡುಕಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹಂಪಿಯ ರಾಜಾವರಣದ ಮೆಟ್ಟಿಲು ಪುಷ್ಕರಣಿಯ ಕರಿಕಲ್ಲುಗಳ ಮೇಲೆ ಯಾವ ಕಲ್ಲು ಯಾವ ಸಾಲಿನಲ್ಲಿ ಕೂಡಬೇಕೆಂಬ ಗುರುತುಗಳನ್ನು ಇಂದಿಗೂ ನೋಡಬಹುದು. ಕಲ್ಲುಗಳಿಗೆ ಅಂಕೆ ಇದೆ, ಕಲ್ಲುಕುಟಿಗರ ಲೆಕ್ಕವಿಲ್ಲ. ಇಸ್ತಾಂಬುಲಿನ ಬೆಸಿಲಿಕಾ ಜಲಾಶಯವನ್ನು ಕಟ್ಟಲು ಏಳು ಸಾವಿರ ಗುಲಾಮರು ದುಡಿದರೆಂಬ ಪ್ರತೀತಿಯಾದರೂ ಉಳಿದಿದೆ. ನಮ್ಮಲ್ಲಿ ಆ ನೆನಪನ್ನು ಹೊತ್ತದ್ದು ಜನಪದ ಮಾತ್ರ. ‘ಕೆರೆಗೆ ಹಾರ’ವನ್ನು ನಾವೆಲ್ಲ ಶಾಲೆಯಲ್ಲಿ ಓದಿ ಕಣ್ಣೀರಿಟ್ಟವರೇ. ಕೆರೆಗೆ ಬಲಿಯಾಗುವವರನ್ನು ಆರಿಸುವಾಗ ಮನೆಯ ಯಜಮಾನರು ತಮ್ಮತ್ತ ಬೆರಳು ತೋರಿಸಿಕೊಳ್ಳುವುದಿಲ್ಲ ಎಂಬ ಅದರ ಸರಳ ಸತ್ಯವನ್ನು ಮಾತ್ರ ಪರೀಕ್ಷೆ ಮುಗಿದೊಡನೆ ಮರೆತೆವು.

ಇನ್ನು ‘ನಮ್ಮವರು’ ಎಂಬ ಪದ. ನಿಜಕ್ಕೂ ನೆಲದಡಿ ನೀರು ಹರಿಸಿದ ಕರ್ನಾಟಕದ ಮಹತ್ವದ ರಚನೆಗಳಲ್ಲೊಂದು ಬೀದರಿನ ನೌಬಾದಿನಲ್ಲಿದೆ. 15ನೇ ಶತಮಾನದ ಬಹಮನಿ ಕಾಲದ ಆ ಕರೇಜ್, ಪರ್ಷಿಯಾದ ತಂತ್ರವನ್ನು ದಖನ್ನಿನ ಜಂಬಿಟ್ಟಿಗೆಯ ನೆಲಕ್ಕೆ ಒಗ್ಗಿಸಿಕೊಂಡು ಕೊರೆದ ಸುರಂಗ ಕಾಲುವೆ. ದಾರಿಯುದ್ದಕ್ಕೂ ಗಾಳಿ ಬೆಳಕಿಗೆಂದು ಬಾವಿಯಂಥ ಕಿಂಡಿಗಳಿವೆ. ದಖನ್ನಿನ ಚಾರಿತ್ರಿಕ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರಲ್ಲಿ ತನ್ನ ಕಾಳಜಿಯ ಪಟ್ಟಿಗೆ ಸೇರಿಸಿಕೊಂಡಿತ್ತು. ವಿಜಯಪುರದಲ್ಲಿ ಆದಿಲಶಾಹಿಗಳ ಸುರಂಗ ಬಾವಿ ಇದೆ. ಗಡಿಯಾಚೆಯ ಔರಂಗಾಬಾದಿಗೆ ನೆಲದಡಿಯ ಕಾಲುವೆಯಿಂದ ನೀರು ತಂದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. ನೆಲದಡಿಯ ಜಲಾಶಯವೊಂದನ್ನು ನೋಡಿ ಬಂದ ನಮ್ಮ ಕಾರಿನಲ್ಲಿ ಇವುಗಳಲ್ಲಿ ಒಂದರ ಹೆಸರೂ ಬರಲಿಲ್ಲ. ಅವು ನಮಗೆ ಗೊತ್ತಿರಲಿಲ್ಲವೆಂದಲ್ಲ; ನಮ್ಮ ‘ನಮ್ಮವರು’ ಅಷ್ಟು ವಿಶಾಲವಾಗಿರಲಿಲ್ಲ.

ಕಟ್ಟಿದವರನ್ನು ಮರೆತಂತೆಯೇ ಕುಡಿಯಲಾಗದವರನ್ನೂ ಮರೆಯುತ್ತೇವೆ. ಹ್ಯೂಸ್ಟನ್ನಿನ ಜಲಾಶಯ ಮುಗಿದ 1927, ವರ್ಣಭೇದ ಇಲ್ಲಿ ಕಾನೂನೇ ಆಗಿದ್ದ ಕಾಲ. ಬಯೂವಿನ ಆಚೆ ದಡದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿಕೊಂಡ ಫ್ರೀಡ್‌ಮೆನ್ಸ್ ಟೌನ್ ಇತ್ತು. ಅದೇ ವರ್ಷದ ಮಾರ್ಚ್ 20ರಂದು ಮುಂಬಯಿ ಪ್ರಾಂತ್ಯದ ಮಹಾಡಿನಲ್ಲಿ ಅಂಬೇಡ್ಕರರು ತಮ್ಮ ಜನರೊಂದಿಗೆ ಚವದಾರ್ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಪ್ರಾಂತ್ಯದ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಆದರೂ ಕುಡಿದವರಿಗೆ ಪೆಟ್ಟು ಬಿತ್ತು. ಆಮೇಲೆ ನೂರೆಂಟು ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ಗೊಳಿಸಲಾಯಿತು. ಆ ಕೆರೆಯ ನೀರಿನ ಹಕ್ಕಿಗಾಗಿ ಮುಂಬಯಿ ಹೈಕೋರ್ಟಿನ ತೀರ್ಪು ಬರಲು 1937ರವರೆಗೆ ಕಾಯಬೇಕಾಯಿತು. ಇದು ಮರಾಠಿಗರ ಕಥೆಯೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಬಾವಿಗಳಿಗೂ ಅದೇ ನಿರ್ಣಯ ಅನ್ವಯವಾಗುತ್ತಿತ್ತು. ನಮ್ಮ ಅಜ್ಜನ ಊರಿನ ಸಿಹಿನೀರ ಬಾವಿಗೆ ಹಗ್ಗ ಬಿಡಲು ಯಾರಿಗೆ ಅನುಮತಿಯಿತ್ತು, ದೂರದಲ್ಲಿ ಕೊಡ ಇಟ್ಟು ಯಾರು ಕಾಯುತ್ತಿದ್ದರು ಎಂಬುದು ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ನೆನಪಿದೆ. ಆ ಬಾವಿಯನ್ನು ತೋಡಿದವರು ಅನೇಕ ಕಡೆ ಹೀಗೆ ಕಾಯುತ್ತಿದ್ದವರೇ.

ಇವೆಲ್ಲ ಹಳೆಯ ಮಾತು ಎನ್ನುವವರಿಗೆ ಈಗಿನ ಮಾತು ಹೇಳುತ್ತೇನೆ. ಕಾಸರಗೋಡಿನ ಕಡೆ ಗುಡ್ಡ ಕೊರೆದು ನೀರಿನ ಸುರಂಗ ತೋಡುವವರು ಮೊಂಬತ್ತಿ ಹಚ್ಚಿಕೊಂಡು ಒಳಹೋಗುತ್ತಾರೆ. ಅದು ನಂದಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲವೆಂದು ತಿಳಿದು ಹೊರಬರುತ್ತಾರೆ. ನಮ್ಮ ನಗರಗಳ ಮ್ಯಾನ್‌ಹೋಲಿಗೆ ಇಳಿಯುವವನಿಗೆ ಆ ಮೊಂಬತ್ತಿಯ ಎಚ್ಚರಿಕೆಯೂ ಇರುವುದಿಲ್ಲ. ಮಲ ಹೊರುವುದನ್ನು ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ. ಹ್ಯೂಸ್ಟನ್ನಿನಲ್ಲಿ ಈ ಜಲಾಶಯ ಮರಳಿ ‘ಪತ್ತೆ’ಯಾದ 2010ರಲ್ಲೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ನೆಲೆಯಿಂದ ಎಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. 2013ರಲ್ಲಿ ಹೊಸ ಕಾಯಿದೆ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವು ನಿಲ್ಲಲಿಲ್ಲ, ಸಾವಿನ ಬೆಲೆ ಪರಿಷ್ಕೃತವಾಯಿತು.

ಇದರಲ್ಲಿ ನನ್ನ ಪಾಲೂ ಇದೆ. ನಮ್ಮಲ್ಲಿ ಅನೇಕರಂತೆ ನಾನೂ ಬೆಂಗಳೂರಿನಲ್ಲೊಂದು ಫ್ಲ್ಯಾಟು ಕೊಂಡಿದ್ದೇನೆ. ಅಲ್ಲಿನ ನಿವಾಸಿಗಳ ಸಂಘದಿಂದ ತಿಂಗಳಿಗೊಮ್ಮೆ ಮಿಂಚಂಚೆ ಬರುತ್ತದೆ. ಅದರಲ್ಲಿ ಆಗಾಗ ಒಂದು ಸಾಲಿರುತ್ತದೆ: ‘ಎಸ್‌ಟಿಪಿ ಗುಂಡಿಯನ್ನು ಸ್ವಚ್ಛಗೊಳಿಸಲಾಯಿತು.’ ಏಳೆಂಟು ವರ್ಷಗಳಿಂದ ಈ ಸಾಲನ್ನು ಟೆಕ್ಸಾಸಿನಲ್ಲಿ ಕುಳಿತು ಓದಿ ಅಳಿಸಿಹಾಕಿದ್ದೇನೆ. ಗುಂಡಿಯೊಳಗೆ ಇಳಿದವರು ಯಾರು, ಇಳಿಯದೆ ಯಂತ್ರದಿಂದಲೇ ಮಾಡಿದರೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಜಲಾಶಯ ನೋಡಿ ಬಂದ ರಾತ್ರಿ ಕೇಳಿದೆ. ಎರಡು ದಿನದ ನಂತರ ಬಂದ ಉತ್ತರ: “ಅದನ್ನೆಲ್ಲ ಕಾಂಟ್ರ್ಯಾಕ್ಟರು ನೋಡಿಕೊಳ್ಳುತ್ತಾರೆ.” ಶಾಸನದ ‘ಕಟ್ಟಿಸಿದ’ ನಮ್ಮ ಕಾಲದಲ್ಲಿ ‘ಸ್ವಚ್ಛಗೊಳಿಸಲಾಯಿತು’ ಆಗಿದೆ. ಹಂಪಿಯ ಪರಂಪರೆಗೆ ನಾನು ವಾರಸುದಾರನೋ ಅಲ್ಲವೋ, ಈ ವ್ಯಾಕರಣಕ್ಕಂತೂ ಖಂಡಿತ ಹೌದು.

ನಾವು ಈಗ ಬದುಕುತ್ತಿರುವ ನೆಲಕ್ಕೂ ತನ್ನದೇ ಆದ ಅಡಿ ಇದೆ. 1865ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ಸಂವಿಧಾನ ತಿದ್ದುಪಡಿ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ಒಂದು ಬಾಗಿಲು ತೆರೆದಿಟ್ಟಿತು. 1878ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಎಲಿಸ್ ಎಂಬಿಬ್ಬರು ಜಮೀನುದಾರರು ಟೆಕ್ಸಾಸಿನ ಕೈದಿಗಳನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು ಶುಗರ್ ಲ್ಯಾಂಡ್ ಸುತ್ತಲಿನ ಕಬ್ಬಿನ ಗದ್ದೆಗಳಿಗೆ ಇಳಿಸಿದರು. 2018ರಲ್ಲಿ ಇಲ್ಲಿನ ಶಾಲಾ ಜಿಲ್ಲೆ ಹೊಸ ಕಟ್ಟಡಕ್ಕೆ ಅಡಿಪಾಯ ತೋಡುವಾಗ 95 ಜನರ ಅಸ್ಥಿಗಳು ಸಿಕ್ಕವು. ಅವರೆಲ್ಲ ಕಪ್ಪುಜನ, 1878 ಮತ್ತು 1911ರ ನಡುವೆ ಸತ್ತವರು. ಅತಿ ಕಿರಿಯನಿಗೆ ಹದಿನಾಲ್ಕರ ಆಸುಪಾಸು. ಅಲ್ಲಿ ಸಮಾಧಿಗಳಿರಬಹುದೆಂದು ರೆಜಿನಾಲ್ಡ್ ಮೂರ್ ಎಂಬ ಮಾಜಿ ಕಾರಾಗೃಹ ಕಾವಲುಗಾರರು ವರ್ಷಗಳಿಂದ ಎಚ್ಚರಿಸುತ್ತಿದ್ದರು. ಊರಿನ ಶಾಲೆಯೊಂದಕ್ಕೆ ಕೆಂಪ್ನರ್ ಹೆಸರು, ರಸ್ತೆಗೆ ಎಲ್ಡ್ರಿಜ್ ಹೆಸರು. ಇಬ್ಬರೂ ಆಮೇಲೆ ಬಂದ ಸಕ್ಕರೆ ಕಂಪನಿಯ ಒಡೆಯರು. ನಮ್ಮ ಮಕ್ಕಳು ಡೈನೋಸಾರುಗಳನ್ನು ನೋಡಲು ಹೋಗುವ ಸಂಗ್ರಹಾಲಯದ ಕಟ್ಟಡ ಒಂದು ಕಾಲದ ಸೆರೆಮನೆ. ಇಲ್ಲಿಯೂ ಊರನ್ನು ‘ಕಟ್ಟಿಸಿದವರು’ ಫಲಕಗಳ ಮೇಲಿದ್ದಾರೆ, ಕಟ್ಟಿದವರು ಮಣ್ಣಿನಡಿಯಲ್ಲಿದ್ದರು.

ಹೀಗೆ ಬರೆದರೆ ಬರುವ ಪ್ರಶ್ನೆಗಳು ನನಗೆ ಗೊತ್ತು. ಹಾಗಾದರೆ ಮಕ್ಕಳಿಗೆ ಹೆಮ್ಮೆಪಡಲು ಏನನ್ನೂ ಉಳಿಸಬಾರದೇ? ಬಣ್ಣದ ಕಾರಣಕ್ಕೆ ಶಾಲೆಯಲ್ಲಿ ಕೀಳಾಗಿ ಕಾಣಿಸಿಕೊಂಡ ಮಗುವಿಗೆ ಹಂಪಿ ಒಂದು ಆಸರೆಯಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಹಂಪಿಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅಂಕೆ ಕೆತ್ತಿದ ಕಲ್ಲುಕುಟಿಗನನ್ನೂ ಮಣ್ಣು ಹೊತ್ತ ಹೆಂಗಸನ್ನೂ ಸೇರಿಸಿ ಹೇಳಿದ ಹಂಪಿ ಚಿಕ್ಕದಾಗುವುದಿಲ್ಲ. ಮಗುವಿಗೆ ತನ್ನ ತರಗತಿಯ ಕಪ್ಪು ಸಹಪಾಠಿಯ ಚರಿತ್ರೆಯೂ ಅಪರಿಚಿತವೆನಿಸುವುದಿಲ್ಲ. ಎರಡನೆಯ ಪ್ರಶ್ನೆ: ಅಮೆರಿಕೆಯಲ್ಲಿ ಜಾತಿ ಎಲ್ಲಿದೆ, ಅದನ್ನೇಕೆ ಕೆದಕುತ್ತೀರಿ? 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ. ಎರಡೂ ಸಂದರ್ಭದಲ್ಲಿ ಅತ್ಯಂತ ಗಟ್ಟಿಯಾಗಿ ವಿರೋಧಿಸಿದವರಲ್ಲಿ ನಮ್ಮಂಥ ವಲಸಿಗರೇ ಇದ್ದರು. ಇಲ್ಲದ ವಸ್ತುವನ್ನು ನಿಷೇಧಿಸಿದರೆ ಯಾರಿಗೆ ನಷ್ಟ? ಸಾವಿರ ವರ್ಷದ ಬಾವಿಯನ್ನು ನಮ್ಮದೆಂದು ಹಡಗು ವಿಮಾನ ಹತ್ತಿಸಿ ತಂದವರು, ಆ ಬಾವಿಯ ಕಟ್ಟಳೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು ಎಂದರೆ ನಂಬುವುದು ಹೇಗೆ?

ಕೋಪವೊಂದೇ ಸಾಲದು, ಮಾಡಬಹುದಾದ ಕೆಲಸಗಳಿವೆ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳ ನಮ್ಮ ಕನ್ನಡ ಸಂಘಗಳು ತಾರತಮ್ಯ ನಿಷೇಧದ ನಿಯಮದಲ್ಲಿ ಜಾತಿ ಎಂಬ ಪದವನ್ನು ಸೇರಿಸಲಿ; ಅದಕ್ಕೆ ಟೆಕ್ಸಾಸ್ ಸರ್ಕಾರದ ಅನುಮತಿ ಬೇಕಿಲ್ಲ. ಕರ್ನಾಟಕದಲ್ಲಿ ಫ್ಲ್ಯಾಟು ಉಳ್ಳ ಪ್ರತಿಯೊಬ್ಬರೂ ತಮ್ಮ ನಿವಾಸಿಗಳ ಸಂಘಕ್ಕೆ ಈ ವಾರವೇ ಬರೆದು, ಗುಂಡಿ ಶುಚಿಗೊಳಿಸುವುದು ಯಂತ್ರವೋ ಮನುಷ್ಯನೋ, ಮನುಷ್ಯನಾದರೆ ಅವನ ಹೆಸರೇನು, ಅವನಿಗೆ ಯಾವ ರಕ್ಷಣೆ ಕೊಟ್ಟಿದ್ದೀರಿ ಎಂದು ಕೇಳಲಿ. ಮಾಲೀಕರ ಮತ ನಮಗಿದೆ, ನಿರ್ವಹಣಾ ವೆಚ್ಚವನ್ನು ಡಾಲರಿನಿಂದ ತೆರುತ್ತಿದ್ದೇವೆ. ಉತ್ತರ ಬರುವವರೆಗೆ ಕೇಳುತ್ತಿರಬಹುದು.

ಮುಂದಿನ ಬಾರಿ ಊರಿನಿಂದ ಹಿರಿಯರು ಬಂದಾಗ ಅವರನ್ನು ಮತ್ತೆ ಬಫಲೊ ಬಯೂವಿಗೆ ಕರೆದೊಯ್ಯೋಣ. ಅದು ನೋಡಬೇಕಾದ ಜಾಗವೇ. ಬರುವಾಗ ಮಾತ್ರ ನೇರ ಮನೆಗೆ ಬರದೆ, 95 ಜನರನ್ನು 2019ರಲ್ಲಿ ಮತ್ತೆ ಮಣ್ಣುಮಾಡಿದ ಸ್ಥಳದ ಬಳಿ ಕಾರು ನಿಲ್ಲಿಸೋಣ. ಅದು ನಮ್ಮ ಊರಿನೊಳಗೇ ಇದೆ. ಧಾರವಾಡದ ಆ ಹಿರಿಯರು ಮರಳಿ ಹೋಗುವ ಮುನ್ನ ನಾನು ಅಲ್ಲಿಗೆ ಅವರೊಂದಿಗೆ ಹೋಗಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದರು: “ಇವರ ಹೆಸರು ಯಾರಿಗಾದರೂ ಗೊತ್ತೇನ್ರೀ?” ಹಂಪಿಯ ಬಗ್ಗೆಯೂ ನಾವು ಇದೇ ಪ್ರಶ್ನೆಯನ್ನು ಕೇಳಬೇಕಿದೆ, ನಮ್ಮ ಫ್ಲ್ಯಾಟಿನ ಗುಂಡಿಯ ಬಗ್ಗೆ ಕೇಳಿದರೆ ಉತ್ತರ ಇನ್ನೂ ಸಿಗುತ್ತದೆ.