ಯಳವಿಯ ಮೊಬೈಲು, ಯಳವಿಯ ಮಾತು

ಹೊಸ ಮೊಬೈಲೊಂದು ಪೇಟೆಗೆ ಬಂದಾಗಲೆಲ್ಲ ಅದರ ಗುಣಾವಗುಣಗಳನ್ನು ವಿಮರ್ಶಿಸತಕ್ಕವರು ಕ್ಯಾಮೆರಾದ ಕಣ್ಣುಗಳೆಷ್ಟು, ಪರದೆಯ ಕಾಂತಿಯೆಷ್ಟು, ಒಳಗಿನ ಯಂತ್ರದ ವೇಗವೆಷ್ಟು ಎಂಬುದನ್ನು ಬಹು ಶ್ರದ್ಧೆಯಿಂದ ತೂಗಿ ಅಳೆಯುತ್ತಾರೆ. ಆದರೆ ಆ ಸಾಧನವು ತನ್ನ ಒಡೆಯನೊಡನೆ ಯಾವ ಭಾಷೆಯಲ್ಲಿ ವ್ಯವಹರಿಸುತ್ತದೆ, ಅವನ ಒಪ್ಪಿಗೆಯನ್ನು ಬೇಡುವಾಗ ಆ ಒಪ್ಪಿಗೆ ಯಾತಕ್ಕೆಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತದೆಯೇ ಎಂಬ ಪ್ರಶ್ನೆಯನ್ನು ಅವರಲ್ಲಿ ಎತ್ತಿದವರು ಅತ್ಯಲ್ಪ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಯಳವಿಯಂಥ ಊರಿನಲ್ಲಿ ನಿಂತು ನೋಡುವವನಿಗೆ ಮಿಕ್ಕ ಪ್ರಶ್ನೆಗಳೆಲ್ಲ ಇದರ ಅನಂತರದವು.

ಈ ಸೀಮೆಯ ಸ್ಥಿತಿಯನ್ನು ದೂರದ ಓದುಗರಿಗೆ ಸ್ವಲ್ಪ ವಿವರಿಸಬೇಕು. 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ಪುನರ್ವಿಂಗಡಣೆಯಲ್ಲಿ ಆ ರಾಜ್ಯದಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ರಾಜ್ಯಗಳ ಹೆಸರು ಬದಲಾದರೂ ಅಡುಗೆಮನೆಯ ಕನ್ನಡ ಬದಲಾಗಲಿಲ್ಲ. ಗುಡ್ಡಾಪುರದ ದಾನಮ್ಮನ ಸನ್ನಿಧಿಗೆ ಗಡಿಯ ಈಚೆಗಿನ ಮಹಾರಾಷ್ಟ್ರದ ಭಕ್ತರೂ ಆಚೆಗಿನ ಕರ್ನಾಟಕದ ಭಕ್ತರೂ ಬರುತ್ತಾರೆ. ಉಮದಿಯ ಸಂತ ಭಾವೂಸಾಹೇಬ ಮಹಾರಾಜರ ಪರಂಪರೆಯಲ್ಲಿ ಕನ್ನಡದ ಪದಗಳೂ ಮರಾಠಿಯ ಅಭಂಗಗಳೂ ಒಂದೇ ಭಜನೆಯಲ್ಲಿ ಕೂಡಿ ಬರುತ್ತವೆ. ಮರಾಠಿ ನಮಗೆ ನೆರೆಯ ಭಾಷೆಯಷ್ಟೇ ಅಲ್ಲ, ಸಂತೆಯ ಭಾಷೆ, ಕಚೇರಿಯ ಭಾಷೆ, ಅನೇಕರಿಗೆ ಸ್ನೇಹದ ಭಾಷೆ. ಅದರ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ. ನಾನು ಹೇಳಹೊರಟಿರುವುದು, ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಹೊಲಕ್ಕಿಳಿದವನಿಗೂ, ಅಕ್ಷರವನ್ನೇ ಕಲಿಯದ ಅವನ ತಾಯಿಗೂ, ಅಂಗೈಯಲ್ಲಿನ ಯಂತ್ರವು ಮಾಡಬೇಕಾದ ನ್ಯಾಯವನ್ನು ಕುರಿತು.

ಮೊದಲು ಬಂದ ಗುಂಡಿಯ ಮೊಬೈಲುಗಳನ್ನು ನಾನು ಇಂದಿಗೂ ಗೌರವದಿಂದ ಸ್ಮರಿಸುತ್ತೇನೆ. 2003ರಲ್ಲಿ ಹೊರಬಂದು ಜಗತ್ತಿನಲ್ಲಿ 25 ಕೋಟಿಗೂ ಮಿಕ್ಕಿ ಮಾರಾಟವಾದ ನೋಕಿಯಾ 1100 ಎಂಬ ಸಾಧನವು, ಧೂಳಿಗೆ ಅಂಜದ ಗುಂಡಿಗಳು, ದಿನಗಟ್ಟಲೆ ನಿಲ್ಲುವ ಬ್ಯಾಟರಿ, ನೆತ್ತಿಯಲ್ಲೊಂದು ದೀಪ ಇವಿಷ್ಟನ್ನು ಹೊತ್ತು, ರಾತ್ರಿ ಕರೆಂಟು ಬಂದಾಗ ಮೋಟಾರು ಚಾಲೂ ಮಾಡಲು ಬಾವಿಗೆ ಹೋಗುವ ರೈತನ ಜೀವನವನ್ನು ಬಲ್ಲವರೇ ನಿರ್ಮಿಸಿದರೇನೋ ಎಂಬಂತಿತ್ತು. ಆದರೆ ಆ ತಲೆಮಾರಿನ ಸಾಧನಗಳಲ್ಲಿ ನಮ್ಮ ಕೈ ಸೇರಿದ ಬಹುಪಾಲು ಯಂತ್ರಗಳಿಗೆ ಕನ್ನಡದ ಗಂಧವಿರಲಿಲ್ಲ. ಕನ್ನಡದಲ್ಲಿ ಕಳುಹಿದ ಸಂದೇಶ ಖಾಲಿ ಚೌಕಗಳ ಸಾಲಾಗಿ ತಲುಪುತ್ತಿತ್ತು. ಸಂದೇಶದ ಅಳತೆಯೂ ನಮಗೆ ಹೊಂದದ ಅಳತೆಯೇ ಆಗಿತ್ತು: ರೋಮನ್ ಲಿಪಿಯಲ್ಲಿ ಬರೆದರೆ 160 ಅಕ್ಷರಗಳಿಗೆ ಎಡೆಯುಂಟು, ಕನ್ನಡದಲ್ಲಿ ಬರೆದರೆ 70ಕ್ಕೆ ಮಾತ್ರ, ಅದರಲ್ಲಿಯೂ ಒತ್ತು, ಗುಣಿತದ ಚಿಹ್ನೆಗಳು ಬೇರೆಬೇರೆಯಾಗಿ ಎಣಿಕೆಗೆ ಬೀಳುವುದರಿಂದ ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರು ಸ್ಥಾನಗಳನ್ನು ನುಂಗುತ್ತದೆ. ಹೀಗಾಗಿ ಒಂದು ಇಡೀ ಪೀಳಿಗೆ ತನ್ನ ತಾಯ್ನುಡಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿಗೆ ಬಿದ್ದಿತು, ಮತ್ತು ಕಾರಣ ಅಳಿದ ಮೇಲೆಯೂ ಆ ರೂಢಿ ಉಳಿದುಕೊಂಡಿತು.

ಕಾರಣ ಅಳಿದದ್ದು ತಾನಾಗಿಯೇ ಅಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಕೀಲಿಮಣೆಗೆ ಒಂದು ಕ್ರಮವನ್ನು ಕಟ್ಟಿಕೊಟ್ಟರು, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ನೀಡಿದರು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು, ಯೂನಿಕೋಡ್ ಎಂಬ ವಿಶ್ವವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2014ರಲ್ಲಿ ಆಂಡ್ರಾಯ್ಡ್‌ನ ಐದನೆಯ ಆವೃತ್ತಿ ಕನ್ನಡವನ್ನೂ ಮರಾಠಿಯನ್ನೂ ಒಂದೇ ದಿನ ತನ್ನ ಭಾಷೆಗಳ ಪಟ್ಟಿಗೆ ಸೇರಿಸಿಕೊಂಡಿತು. ಎರಡು ವರ್ಷಗಳ ತರುವಾಯ ಭಾರತೀಯ ಮಾನಕ ಬ್ಯೂರೋದ ಮಾನಕವೊಂದು, ಈ ದೇಶದಲ್ಲಿ ಮಾರುವ ಪ್ರತಿಯೊಂದು ಮೊಬೈಲೂ ಸಂವಿಧಾನದ ಪರಿಶಿಷ್ಟದಲ್ಲಿನ ಅಷ್ಟೂ ಭಾಷೆಗಳನ್ನು ತೋರಿಸಲು ಶಕ್ತವಾಗಿರತಕ್ಕದ್ದೆಂದು ವಿಧಿಸಿತು. 2017ರಲ್ಲಿ ಗೂಗಲ್‌ನ ಯಂತ್ರವು ಕನ್ನಡದಲ್ಲಿ ಆಡಿದ ಮಾತನ್ನು ಕೇಳಿ ಬರೆದುಕೊಳ್ಳತೊಡಗಿತು. ಅಕ್ಷರ ಬಾರದ ಹಿರಿಯಳೊಬ್ಬಳು ತನ್ನ ಮಾತು ತೆರೆಯ ಮೇಲೆ ಬರಹವಾಗಿ ಮೂಡಿದ್ದನ್ನು ಮೊಮ್ಮಗಳಿಂದ ಓದಿಸಿ ಕೇಳಿದಾಗ ಆಕೆಯ ಮುಖದಲ್ಲಿ ಕಾಣುವ ವಿಸ್ಮಯವನ್ನು ಬಲ್ಲವನಾದ್ದರಿಂದ, ಕಳೆದ ಹದಿನೈದು ವರ್ಷಗಳಲ್ಲಿ ಮೊಬೈಲಿಗೆ ಬಂದ ಸಮಸ್ತ ಗುಣಗಳಲ್ಲಿ ಇದನ್ನೇ ನಾನು ಶ್ರೇಷ್ಠವೆಂದು ಎಣಿಸುತ್ತೇನೆ. ನಮ್ಮ ಗಡಿನಾಡಿನ ಮಾತಿನಲ್ಲಿ ಮರಾಠಿಯ ಪದಗಳು ಸಹಜವಾಗಿ ಬೆರೆತಿರುವುದರಿಂದ ಯಂತ್ರವು ಆಗಾಗ ತಡವರಿಸುತ್ತದೆ; ಅದು ಕಲಿಯಬೇಕಾದದ್ದು ಇನ್ನೂ ಇದೆ. ಅದಾಗ್ಯೂ ಯಂತ್ರದ ಪಕ್ಷದಲ್ಲಿ ದೊಡ್ಡ ಕೊರತೆ ಈಗಿಲ್ಲವೆಂದೇ ಹೇಳಬೇಕು.

ಕೊರತೆಯಿರುವುದು ಯಂತ್ರದೊಳಗೆ ಬಂದು ಕುಳಿತಿರುವ ಸೇವೆಗಳಲ್ಲಿ. ಒಬ್ಬ ಮನುಷ್ಯ ಯಾವ ಭಾಷೆಯವನೆಂಬುದನ್ನು ಅವು ಅವನನ್ನು ಕೇಳಿ ತಿಳಿಯುವುದಿಲ್ಲ. ಅವನ ಜಮೀನು ಯಾವ ಜಿಲ್ಲೆಯಲ್ಲಿದೆ, ಅವನ ಸಿಮ್ ಯಾವ ದೂರಸಂಪರ್ಕ ವೃತ್ತಕ್ಕೆ (ಸರ್ಕಲ್ಲಿಗೆ) ಸೇರಿದೆ ಎಂಬುದರ ಮೇಲೆ ಊಹಿಸಿಬಿಡುತ್ತವೆ. ಮಹಾರಾಷ್ಟ್ರ ಸರಕಾರವು 2021ರ ಆಗಸ್ಟ್ 15ರಂದು ಆರಂಭಿಸಿದ ‘ಈ-ಪೀಕ್ ಪಾಹಣಿ’ ಎಂಬ ವ್ಯವಸ್ಥೆಯನ್ನೇ ತೆಗೆದುಕೊಳ್ಳಿರಿ. ಹಿಂದೆ ಹೊಲದಲ್ಲಿ ಏನು ಬಿತ್ತಿದೆಯೆಂಬುದನ್ನು ಊರಿನ ಕಂದಾಯ ಲೆಕ್ಕ ಇಡುವ ತಲಾಠಿ ಬರೆದುಕೊಳ್ಳಬೇಕಾಗಿತ್ತು. ಈಗ ರೈತನೇ ತನ್ನ ಹೊಲದಲ್ಲಿ ನಿಂತು, ಗಟ್ ನಂಬರನ್ನು, ಎಂದರೆ ಜಮೀನಿನ ಸಂಖ್ಯೆಯನ್ನು, ಆರಿಸಿ, ಬೆಳೆಯ ಹೆಸರು, ಕ್ಷೇತ್ರ, ನೀರಿನ ಮೂಲ ಇವನ್ನು ತುಂಬಿ, ಬೆಳೆಯ ಫೋಟೋ ತೆಗೆದು ಏರಿಸಬೇಕು. ಅದು ಸಾತಬಾರಾ ಉತಾರವೆಂಬ ಜಮೀನಿನ ದಾಖಲೆಯಲ್ಲಿ ನಮೂದಾಗುತ್ತದೆ. ಈ ಯೋಜನೆಯನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ತನ್ನ ಬೆಳೆಯ ಸಾಕ್ಷ್ಯವನ್ನು ತಾನೇ ದಾಖಲಿಸುವ ಅಧಿಕಾರ ರೈತನ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುವ, ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕಾಯುವ ಜತ್ತದಂಥ ತಾಲೂಕಿನಲ್ಲಿ, ಸಜ್ಜೆ ಜೋಳ ಒಣಗಿದಾಗಲೂ, ಕೂಡಿಟ್ಟ ಹಣವನ್ನೆಲ್ಲ ಸುರಿದು ಬೆಳೆಸಿದ ದಾಳಿಂಬೆ ದ್ರಾಕ್ಷಿ ಕೆಟ್ಟಾಗಲೂ, ಪರಿಹಾರಕ್ಕೂ ವಿಮೆಗೂ ಸಾಲಕ್ಕೂ ಆ ನಮೂದೇ ಆಧಾರ.

ಆದರೆ ಅದರ ತೆರೆಯ ಭಾಷೆ ಮರಾಠಿ. ಸಂತೆಯಲ್ಲಿ ಮರಾಠಿಯನ್ನು ನಿರಾಯಾಸವಾಗಿ ಆಡುವ ಹಿರಿಯನೂ ಕಂದಾಯ ಇಲಾಖೆಯ ಪರಿಭಾಷೆಯನ್ನು ದೇವನಾಗರಿಯಲ್ಲಿ ಓದಿ ತಿಳಿಯಲಾರ. “ಎಲ್ಲಿ ಒತ್ತಲ್ರಿ?” ಎಂದು ಅವನು ಪಕ್ಕದ ಹುಡುಗನನ್ನು ಕೇಳುತ್ತಾನೆ, ಹುಡುಗ ತೋರಿಸಿದಲ್ಲಿ ಒತ್ತುತ್ತಾನೆ. ಆ ಹುಡುಗ ಬಹುಪಾಲು ಪ್ರಾಮಾಣಿಕನೇ ಇರುತ್ತಾನೆ, ಮತ್ತು ನಮ್ಮ ಹಳ್ಳಿಗಳ ವ್ಯವಹಾರವೆಲ್ಲ ಅಂಥ ಹುಡುಗರ ಉಪಕಾರದಿಂದಲೇ ಸಾಗಿದೆ. ಆದರೆ ತಲಾಠಿಯ ಮೇಲಿನ ಅವಲಂಬನವನ್ನು ತಪ್ಪಿಸಲೆಂದೇ ಹುಟ್ಟಿದ ಸಾಧನವು ಅದೇ ಅವಲಂಬನವನ್ನು ಬೇರೊಬ್ಬನ ಮೇಲೆ ಹೊರಿಸಿದರೆ, ಅದರ ಉದ್ದೇಶ ಅರ್ಧದಲ್ಲಿಯೇ ನಿಂತಂತಾಯಿತಲ್ಲವೇ? 2016ರಲ್ಲಿ ಬಂದ ಯುಪಿಐ ಹಣದ ವ್ಯವಹಾರದಲ್ಲಿ ಈ ಅವಲಂಬನ ಇನ್ನೂ ಗಂಭೀರವಾಗುತ್ತದೆ. ತನಗೆ ಹಣ ಬರುತ್ತಿದೆಯೋ, ತನ್ನ ಖಾತೆಯಿಂದ ಹೋಗುತ್ತಿದೆಯೋ ಎಂಬುದನ್ನು ಓದಲಾರದೆ, ಗುಪ್ತಸಂಖ್ಯೆಯನ್ನು ಇನ್ನೊಬ್ಬರ ಕಿವಿಯಲ್ಲಿ ಹೇಳುವ ಸ್ಥಿತಿಗೆ ಬಂದವನಿಗೆ ಗುಪ್ತವೆಂಬುದು ಏನುಳಿಯಿತು? ತಿಳಿಯದ ಭಾಷೆಯಲ್ಲಿ ಪಡೆದ ಸಮ್ಮತಿಯನ್ನು ಸಮ್ಮತಿಯೆಂದು ಕರೆಯಲು ನನ್ನ ಮನಸ್ಸು ಒಡಂಬಡುವುದಿಲ್ಲ.

ಈ ಸೇವೆಗಳು ಕನ್ನಡದಲ್ಲಿಯೂ ಬೇಕೆಂಬುದು ಕೃಪೆಯನ್ನು ಯಾಚಿಸುವ ಮಾತೂ ಅಲ್ಲ. ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ಕಷ್ಟಪರಿಹಾರಕ್ಕಾಗಿ ಸಲ್ಲಿಸುವ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರಲ್ಲಿ ಸೇರಿಸಿದ 350-ಎ ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಒಂದು ತಾಲೂಕಿನ ಜನರಲ್ಲಿ ನೂರಕ್ಕೆ 15ರಷ್ಟು ಮಂದಿ ಒಂದು ಭಾಷೆಯನ್ನಾಡುತ್ತಿದ್ದರೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಆ ಭಾಷೆಯಲ್ಲಿಯೂ ಹೊರಡಿಸಬೇಕೆಂಬ ಒಪ್ಪಂದವೂ ಭಾಷಿಕ ಅಲ್ಪಸಂಖ್ಯಾತರ ರಕ್ಷಣೆಗಾಗಿ ಇರುವುದೇ. ಈ ಹಕ್ಕುಗಳು ಕಾಗದದ ಕಾಲದಲ್ಲಿ ಹುಟ್ಟಿದವು. ಕಚೇರಿಯ ಕಿಟಕಿ ಅಂಗೈಗೆ ಬಂದಾಗ ಆ ಹಕ್ಕುಗಳೂ ಅದರೊಡನೆ ಬರಬೇಕಾದದ್ದು ನ್ಯಾಯ. ಅದಕ್ಕೆ ವೆಚ್ಚದ ನೆಪವನ್ನೂ ಹೇಳುವಂತಿಲ್ಲ: ಎರಡನೆಯ ಭಾಷೆಯಲ್ಲಿ ಸಾವಿರ ಹಾಳೆ ಮುದ್ರಿಸಿ ಊರೂರಿಗೆ ಹಂಚುವ ಶ್ರಮ ಇಲ್ಲಿಲ್ಲ; ಒಮ್ಮೆ ಅನುವಾದಿಸಿದ ಕೆಲವು ನೂರು ಪದಗಳು ಎಲ್ಲರ ಯಂತ್ರಗಳಿಗೂ ತಲುಪುತ್ತವೆ. ಇನ್ನೂ ಮುಖ್ಯವಾದದ್ದು, ಮೊಬೈಲಿನ ಒಡೆಯನು ಅದರ ಭಾಷೆ ಕನ್ನಡವೆಂದು ಒಮ್ಮೆ ನಿಗದಿ ಮಾಡಿದ್ದರೆ ಆ ಸಂಗತಿಯನ್ನು ಅದರೊಳಗಿನ ಪ್ರತಿಯೊಂದು ಆ್ಯಪೂ ಅರಿಯಬಲ್ಲುದು. ಮನುಷ್ಯ ತನ್ನ ಭಾಷೆಯನ್ನು ಹೇಳಿಯಾಗಿದೆ, ಯಂತ್ರಕ್ಕೆ ಅದು ತಿಳಿದಿದೆ. ಸೇವೆ ಮಾತ್ರ ಕೇಳಿಸಿಕೊಳ್ಳುತ್ತಿಲ್ಲ.

ಸಿಮ್ಮಿನ ಮಾತು ಬಂದದ್ದರಿಂದ ಒಂದು ಸಣ್ಣ ಸಾಧನವನ್ನು ಹೊಗಳದೆ ಮುಂದೆ ಹೋಗಲಾರೆ. ಎರಡು ಸಿಮ್ಮುಗಳನ್ನು ಧರಿಸುವ ಮೊಬೈಲು ನಗರದವರಿಗೆ ಅನುಕೂಲವಾಗಿದ್ದಿರಬಹುದು. ಗಡಿಯವರಿಗೆ ಅದು ಅನಿವಾರ್ಯವಾಗಿತ್ತು. ಹೊರವೃತ್ತದ ಕರೆಗೆ ರೋಮಿಂಗ್ ದರ ತೆರಬೇಕಾಗಿದ್ದ ದಿನಗಳಲ್ಲಿ, ಗಡಿಗೆ ಅಂಟಿದ ಊರುಗಳವರು ತಮ್ಮ ಹೊಲದ ಬದುವಿನ ಮೇಲೆ ನಿಂತಿದ್ದರೂ ಕರ್ನಾಟಕದ ಟವರು ಹಿಡಿದರೆ ಪರಸ್ಥಳದವರಾಗುತ್ತಿದ್ದರು. ವಿಜಯಪುರ, ಅಥಣಿಗಳ ಬೀಗರಿಗೊಂದು, ಸಾಂಗಲಿ, ಮಿರಜಗಳ ವ್ಯವಹಾರಕ್ಕೊಂದು ಎಂದು ಎರಡು ಸಂಖ್ಯೆಗಳನ್ನು ಒಂದೇ ಯಂತ್ರದಲ್ಲಿ ಇರಿಸಿಕೊಂಡು, ಆಳುವವರು ಬೇರ್ಪಡಿಸಿದ ಬದುಕನ್ನು ಜನ ತಾವೇ ಹೊಲಿದುಕೊಂಡರು. 2015ರ ಜುಲೈ 3ರಿಂದ ಸಂಖ್ಯೆಯನ್ನು ಬದಲಿಸದೆ ದೇಶದ ಯಾವ ವೃತ್ತಕ್ಕಾದರೂ ಹೋಗುವ ಸೌಲಭ್ಯ ಬಂದಿತು. ರೋಮಿಂಗ್ ಹೊರೆಯೂ ಇಳಿಯಿತು. ಗಡಿರೇಖೆಯನ್ನು ದರಪಟ್ಟಿಯಿಂದ ತೆಗೆದುಹಾಕಲು ಸಾಧ್ಯವಾದದ್ದು ಭಾಷೆಯ ಪಟ್ಟಿಯಿಂದ ತೆಗೆಯಲು ಏಕೆ ಸಾಧ್ಯವಾಗದು?

ಮಕ್ಕಳ ವಿಚಾರದಲ್ಲಿ ನನ್ನ ಕಳವಳ ಬೇರೆ ಬಗೆಯದು. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ; ಪುಣೆಯ ಬಾಲಭಾರತಿ ಸಂಸ್ಥೆ ಅವುಗಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ, ಅದಕ್ಕೆ ಕೃತಜ್ಞನಾಗಿದ್ದೇನೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಬಂದಾಗ, ಮನೆಯ ಒಂದೇ ಮೊಬೈಲು ತಂದೆಯೊಡನೆ ಹೊಲಕ್ಕೆ ಹೋಗುತ್ತಿದ್ದ ಎಷ್ಟೋ ಮನೆಗಳಲ್ಲಿ ಪಾಠ ಸಂಜೆಗೆ ಸರಿಯಿತು. ಅದು ಕಳೆದುಹೋದ ಕಷ್ಟ. ಉಳಿದಿರುವ ಕಷ್ಟವೆಂದರೆ, ಕನ್ನಡವನ್ನು ಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆಯುವ ಮಗು ಮೊಬೈಲಿನಲ್ಲಿ ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳ ಮೂಲಕವೇ ತಲುಪಬೇಕೆಂದು ನಂಬಿರುವುದು. ಇಂಗ್ಲಿಷ್ ಕಾಗುಣಿತ ಇನ್ನೂ ಬಾರದ ಮಗುವಿಗೆ ತನ್ನ ನುಡಿಯ ಬಾಗಿಲಲ್ಲಿ ಆ ಕಾವಲೇಕೆ? ಇಲ್ಲಿ ನನ್ನದೊಂದು ಆಗ್ರಹದ ಅಭಿಪ್ರಾಯವಿದೆ. ಪದ್ಮನಾಭ ರಾಯರ ಕೀಲಿಮಣೆಯ ಕ್ರಮದ ಮೇಲೆ ನನಗೆ ಅಪಾರ ಗೌರವವಿದ್ದರೂ, ಅದು ಇಂಗ್ಲಿಷ್ ಕೀಲಿಗಳ ಧ್ವನಿಯನ್ನು ಆಶ್ರಯಿಸಿದೆ. ಗಡಿನಾಡಿನ ಶಾಲೆಗಳಿಗೆ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಹೆಚ್ಚು ಉಚಿತ. ಭಾರತೀಯ ಲಿಪಿಗಳೆಲ್ಲಕ್ಕೂ ಸಮಾನವಾಗಿ ರೂಪಿಸಿದ ಆ ಕ್ರಮದಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಮರಾಠಿಯ ‘ಕ’ವೂ ಇರುತ್ತದೆ, ಸ್ವರಗಳು ಒಂದು ಕೈಗೆ, ವ್ಯಂಜನಗಳು ಇನ್ನೊಂದು ಕೈಗೆ. ಕನ್ನಡದಲ್ಲಿ ಬೆರಳು ಪಳಗಿಸಿದ ಯಳವಿಯ ಮಗು ಮರಾಠಿಯ ಕೀಲಿಗಳನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಸಾಧನ ನನಗೆ ತಿಳಿದಂತೆ ಇನ್ನೊಂದಿಲ್ಲ. ಮೂರನೆಯ ನಾಲ್ಕನೆಯ ಇಯತ್ತೆಯಲ್ಲಿಯೇ ಕಾಗುಣಿತದೊಡನೆ ಇದನ್ನು ಕಲಿಸಬಹುದು.

ಭಾಷೆಯನ್ನು ಬಿಟ್ಟು ಯಂತ್ರದ ದೇಹದ ಬಗ್ಗೆ ಎರಡು ಮಾತು ಸಾಕು. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು, ನಮ್ಮ ಬೇಸಿಗೆಗಳು ಅದಕ್ಕೆ ದಯೆ ತೋರುವುದಿಲ್ಲ. ಹಿಂದೆ ಬೆನ್ನಿನ ಮುಚ್ಚಳ ತೆಗೆದು ಕ್ಷಣದಲ್ಲಿ ಬದಲಿಸುತ್ತಿದ್ದ ಬ್ಯಾಟರಿಯನ್ನು ಈಗ ಅಂಟಿನಿಂದ ಬಿಗಿದಿರುವುದು ಕಂಪನಿಗಳಿಗೆ ಲಾಭ, ಒಣಬೇಸಾಯದ ಮನೆಗೆ ನಷ್ಟ. ಬಳಸುವವನೇ ಬಿಚ್ಚಿ ಬದಲಿಸಬಹುದಾದ ಬ್ಯಾಟರಿ ಇರಬೇಕೆಂದು ಯುರೋಪಿನ ಒಕ್ಕೂಟವು 2027ರ ಫೆಬ್ರವರಿಯಿಂದ ಅನ್ವಯಿಸುವಂತೆ ಕಟ್ಟಳೆ ಮಾಡಿದೆ. ದುರಸ್ತಿಯ ಹಕ್ಕನ್ನು ಕುರಿತು 2022ರಲ್ಲಿ ಸಮಿತಿ ನೇಮಿಸಿದ ನಮ್ಮ ಕೇಂದ್ರ ಸರಕಾರವೂ ಅಂಥದೇ ಕಟ್ಟಳೆಯನ್ನು ತಂದರೆ, ಜತ್ತದ ಪೇಟೆಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟ ತರುಣರಿಗೂ ಅನ್ನ ಉಳಿಯುತ್ತದೆ.

ಮತ್ತೆ ಭಾಷೆಯ ಮಾತಿಗೆ ಬಂದರೆ, ಆಗಬೇಕಾದ ಕಾರ್ಯಗಳಲ್ಲಿ ಮೊದಲನೆಯದು ಬೆಳೆ ನೋಂದಣಿಯ ತೆರೆಗೆ ಕನ್ನಡವನ್ನು ಸೇರಿಸುವುದು. ಜತ್ತಕ್ಕೆ ಮಾತ್ರವಲ್ಲ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳ ಕನ್ನಡಿಗ ರೈತರಿಗೂ ಅದು ಸಲ್ಲಬೇಕು. ಅದೇ ನ್ಯಾಯದಿಂದ ಬೆಳಗಾವಿ ಜಿಲ್ಲೆಯ ಮರಾಠಿ ರೈತನಿಗೆ ಕರ್ನಾಟಕದ ಆ್ಯಪುಗಳು ಮರಾಠಿಯಲ್ಲಿ ತೆರೆಯಬೇಕೆಂದೂ ನಾನು ಅಷ್ಟೇ ದೃಢವಾಗಿ ಹೇಳುತ್ತೇನೆ. ಮುಂಬಯಿಯ ಸರಕಾರ ಮುಂದೆ ಬಂದರೆ ಭಾಷಾಂತರದ ಶ್ರಮವನ್ನು ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಸಂತೋಷದಿಂದ ವಹಿಸಿಕೊಳ್ಳಬಹುದು. ಆದರೆ ಆ ಕೆಲಸವನ್ನು ಬೆಂಗಳೂರಿನ ಕೋಣೆಯೊಂದರಲ್ಲಿ ನಿಘಂಟು ತೆರೆದು ಮುಗಿಸಕೂಡದು. ಉತಾರ, ತಲಾಠಿ, ಗಟ್ ನಂಬರ, ಮುಂಗಾರಿ, ಹಿಂಗಾರಿ ಎಂದು ಇಲ್ಲಿನವರ ಬಾಯಲ್ಲಿರುವ ಮಾತುಗಳನ್ನೇ ಇಟ್ಟು, ಕನ್ನಡ ಶಾಲೆಗಳ ಗುರೂಜಿಯವರನ್ನೂ ಹತ್ತಾರು ರೈತರನ್ನೂ ರೈತ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ಒಂದೊಂದು ತೆರೆಯನ್ನೂ ಅವರ ಮುಂದೆ ಓದಿ, ಅವರು ಬೇರೆಯವರ ನೆರವಿಲ್ಲದೆ ಸರಿಯಾದ ಕಡೆ ಒತ್ತಿದ ಮೇಲೆಯೇ ಅದನ್ನು ಬಿಡುಗಡೆ ಮಾಡಬೇಕು. ಮುಂದಿನ ಮುಂಗಾರಿ ಬಿತ್ತನೆಯ ಒಳಗೆ ಇದನ್ನು ಮಾಡಿ ಮುಗಿಸುವುದಕ್ಕೆ ಯಂತ್ರದ ಕಡೆಯಿಂದ ಯಾವ ಅಡ್ಡಿಯೂ ಇಲ್ಲ.