ಮಧುಮೇಹವೂ ಸೂಜಿಯ ಭಯವೂ

ಹೊನ್ನಾಳಿಯಲ್ಲಿ ಬಂಧುಗಳ ಮನೆಯ ಮದುವೆಗೆ ನ್ಯಾಮತಿಯಿಂದ ಹೋಗಿದ್ದೆವು. ಭೋಜನಕಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಪಕ್ಕದಲ್ಲಿ ಬಂದು ಕುಳಿತನು. ಚನ್ನಗಿರಿಯ ಕಡೆ ಅಡಕೆಯ ತೋಟವುಳ್ಳವನು. ನಾವು ಹೋಳಿಗೆಗೆ ಕೈ ಅಡ್ಡ ಹಿಡಿದುದನ್ನು ಕಂಡು, "ಮೇಷ್ಟ್ರೇ, ತಮಗೂ ಸಕ್ಕರೆ ಕಾಯಿಲೆಯೇ?" ಎಂದನು. ಬಳಿಕ ತಗ್ಗಿದ ದನಿಯಲ್ಲಿ ತನ್ನ ಅಕ್ಕನ ವಿಷಯ ತೆಗೆದನು. ಜಗಳೂರಿನಲ್ಲಿರುವ ಆಕೆಗೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟು ಮೂರು ತಿಂಗಳಾಗಿದ್ದಿತು. ಒಮ್ಮೆ ಸೂಜಿ ಹಿಡಿದರೆ ಚಟವಾಗಿ ಅಂಟುವುದೆಂಬ ನೆರೆಯವರ ಮಾತಿಗೆ ಅಂಜಿ ಆಕೆ ಅದನ್ನು ಮುಟ್ಟಿರಲಿಲ್ಲ. ಈಗ ಕಾಲಿನ ಹುಣ್ಣು ಮಾಯುತ್ತಿಲ್ಲವಂತೆ. ನಮಗೆ ಅನ್ನ ಸೇರಲಿಲ್ಲ.

"ಕೊಳವೆಬಾವಿ ಬತ್ತಿದಾಗ ತೋಟಕ್ಕೆ ಟ್ಯಾಂಕರಿನ ನೀರು ಹಾಯಿಸಿದೆಯಷ್ಟೆ? ಅಡಕೆಯ ಮರಕ್ಕೆ ಟ್ಯಾಂಕರಿನ ಚಟ ಹಿಡಿಯಿತೆಂದು ಯಾರಾದರೂ ಅಂದರೇನಪ್ಪಾ?" ಎಂದು ಕೇಳಿದೆವು. ಇನ್ಸುಲಿನ್ ನಮ್ಮ ಮೇದೋಜೀರಕಗ್ರಂಥಿಯೇ ಸ್ರವಿಸುವ ರಸ. ಸಾಲದಾದುದನ್ನು ತುಂಬಿಕೊಡುವುದು ಚಟವೆನಿಸದು.

ಟೊರಾಂಟೊ ನಗರದ ವಿದ್ವಾಂಸರು 1921ರಲ್ಲಿ ಈ ರಸವನ್ನು ಕಂಡುಹಿಡಿದು, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಚುಚ್ಚಿದರು. ಅದಕ್ಕೆ ಮುಂಚೆ ಮಕ್ಕಳ ಮಧುಮೇಹವೆಂದರೆ ಮರಣವೇ. ಬಹುಕಾಲ ದನ, ಹಂದಿಗಳ ಗ್ರಂಥಿಗಳಿಂದ ಅದನ್ನು ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳಿಂದ ಮಾಡಿಸಿದ ಮಾನವ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದಿತು. ನಮ್ಮ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು 1978ರಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆಯು ಮೊದಲು ಪರಂಗಿಯಿಂದ ಕಿಣ್ವ ತೆಗೆಯುತ್ತಿದ್ದಿತು. ಅದೇ ಸಂಸ್ಥೆಯು ಯೀಸ್ಟಿನ ಕಣದೊಳಗೆ ಇನ್ಸುಲಿನ್ನಿನ ಬೀಜಸೂತ್ರವನ್ನಿಟ್ಟು, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಶೋಧಿಸಿ 2004ರಲ್ಲಿ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

2024ರ ಮಾರ್ಚಿಯಲ್ಲಿ ಆ ಸಂಸ್ಥೆಯ ಲಿರಾಗ್ಲುಟೈಡ್ ಎಂಬ ಚುಚ್ಚುಮದ್ದಿಗೆ ಸ್ಥೂಲಕಾಯರ ಚಿಕಿತ್ಸೆಗಾಗಿ ಬ್ರಿಟನ್ನಿನಲ್ಲಿ ಅನುಮತಿ ದೊರೆಯಿತು. ಉಂಡ ಬಳಿಕ ಕರುಳು ಸ್ರವಿಸುವ ರಸವೊಂದರಂತೆ ವರ್ತಿಸಿ, ಅದು ತೃಪ್ತಿಯನ್ನು ಬೇಗನೆ ಉಂಟುಮಾಡುವುದು. ಆದರೂ ಮಿತಾಹಾರ, ವ್ಯಾಯಾಮಗಳೊಡನೆಯೇ ಅದನ್ನು ಕೊಡತಕ್ಕದ್ದೆಂಬ ವಿಧಿಯುಂಟು. ಸುಶ್ರುತನೂ ನಿರ್ಧನನಾದ ಪ್ರಮೇಹಿಯು ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎಂದಿರುವನು. ಪಾದರಕ್ಷೆಯಿಲ್ಲದೆ ನಡೆಯಬೇಕೆಂಬ ಅವನ ಮಾತೊಂದನ್ನು ಮಾತ್ರ ಇಂದಿನ ಮಧುಮೇಹಿಗಳು ಪಾಲಿಸಬಾರದು. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಸಣ್ಣ ಮುಳ್ಳೂ ವೈರಿ.

ವಿದ್ಯಾರ್ಥಿಯು ಮರುದಿನವೇ ಜಗಳೂರಿಗೆ ಹೋಗಿ ಅಕ್ಕನನ್ನು ವೈದ್ಯರಲ್ಲಿಗೆ ಕರೆದೊಯ್ದನು. ಆಕೆಯ ಮನೆಯಲ್ಲಿ ಫ್ರಿಜ್ ಇಲ್ಲ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕಾದುದರಿಂದ ಅವುಗಳನ್ನು ಫ್ರಿಜ್ ಇರುವ ನೆರೆಮನೆಯಲ್ಲಿರಿಸಿ, ಬಳಸುತ್ತಿರುವುದನ್ನು ಮಾತ್ರ ನೀರು ತುಂಬಿದ ದೊಡ್ಡ ಮಣ್ಣಿನ ಪಾತ್ರೆಯೊಳಗೆ ಸಣ್ಣ ಕುಡಿಕೆಯಲ್ಲಿ ಒದ್ದೆಯಾಗದಂತೆ ಇಟ್ಟಿದ್ದಾರೆ. ಸೂಜಿ ಚುಚ್ಚುವುದನ್ನು ಸೊಸೆ ಕಲಿತಿದ್ದಾಳೆ. ಹುಣ್ಣು ಇನ್ನೂ ಮಾಯಬೇಕಾಗಿದೆ. ಆ ಮೂರು ತಿಂಗಳು ಮರಳಿ ಬಾರದು. ವಾಚಕರ ಮನೆಗಳಲ್ಲಿ ಬರೆದುಕೊಟ್ಟ ಚೀಟಿಯೊಂದು ಹೀಗೆಯೇ ಪಂಚಾಂಗದ ನಡುವೆ ಮಲಗಿದ್ದರೆ, ಈ ಸಂಜೆಯೇ ಅದನ್ನು ಹೊರತೆಗೆಯಬೇಕೆಂದು ಪ್ರಾರ್ಥಿಸುವೆವು.