ಅಟ್ಟದಿಂದ ಇಳಿಯುವ ಸಾಮಾನು

ಮಳೆಗಾಲ ಹಿಂದೆ ಸರಿದು ಘಟ್ಟದ ಮಣ್ಣಿನ ರಸ್ತೆಗಳು ಗಟ್ಟಿಯಾಗುತ್ತಿದ್ದಂತೆ ನಮ್ಮ ಹಳ್ಳಿಗಳಿಗೆ ಹಳೆಯ ಸಾಮಾನು ಕೊಳ್ಳುವವರ ವಾಹನಗಳು ಬರತೊಡಗುತ್ತವೆ. ಹಿಂದಿನ ಗುಜರಿಯವರ ವ್ಯವಹಾರ ಸರಳವಾಗಿತ್ತು. ತೂತುಬಿದ್ದ ತಾಮ್ರದ ಹಂಡೆಯನ್ನು ತಕ್ಕಡಿಗೇರಿಸಿ, ಬದಲಿಗೆ ಹೊಳೆಯುವ ಪ್ಲಾಸ್ಟಿಕ್ ಕೊಡವೊಂದನ್ನು ಕೊಟ್ಟು ಹೋಗುತ್ತಿದ್ದರು. ಈಗ ಬರುವವರು ಅಟ್ಟ ಹತ್ತುತ್ತಾರೆ, ಜಗುಲಿಯ ಕಂಬವನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಮೂಲೆಯಲ್ಲಿ ಧೂಳು ಹಿಡಿದ ಮರಿಗೆಯ ಚಿತ್ರ ತೆಗೆದು ಯಾರಿಗೋ ಕಳುಹಿಸುತ್ತಾರೆ. ಅಲ್ಲಿಂದ ಉತ್ತರ ಬಂದ ಮೇಲಷ್ಟೇ ಬೆಲೆಯ ಮಾತು. ಬೀಸುವ ಕಲ್ಲು ನಗರದ ಕೈತೋಟದಲ್ಲಿ ಕಾಲಿಡುವ ಮೆಟ್ಟಿಲಾಗುತ್ತದೆ. ಕೊಪ್ಪರಿಗೆಯಲ್ಲಿ ಹೂವಿನ ದಳಗಳು ತೇಲುತ್ತವೆ. ಚೆನ್ನೆಮಣೆ ಗೋಡೆಗೆ ನೇತು ಬೀಳುತ್ತದೆ. ಶ್ಯಾವಿಗೆ ಒರಳಿನ ತಲೆಯ ಮೇಲೆ ವಿದ್ಯುದ್ದೀಪ ಉರಿಯುತ್ತದೆ. ವಿಚಿತ್ರವಾದ ಹಳೆಯ ವಸ್ತುವೆಂದು ಬಂದವರೆಲ್ಲ ಮೆಚ್ಚುತ್ತಾರೆ.

ಕುಲುಮೆಯಲ್ಲಿ ಕರಗಿಹೋಗುವುದಕ್ಕಿಂತ ಇದು ಮೇಲು ಎಂಬುದನ್ನು ಒಪ್ಪಬೇಕು. ಮಾರುವವರನ್ನು ದೂಷಿಸುವ ಉದ್ದೇಶವೂ ನಮಗಿಲ್ಲ. ಮಕ್ಕಳು ಬೆಂಗಳೂರು ಸೇರಿ, ಹನ್ನೆರಡು ಅಂಕಣದ ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದಿರುವಲ್ಲಿ, ನಲವತ್ತು ಜನರ ಅಡುಗೆಯ ಪಾತ್ರೆಯನ್ನು ಯಾರಿಗಾಗಿ ತಿಕ್ಕಿಡಬೇಕು? ಆದರೆ ವಾಹನ ಹೊರಟುಹೋದ ಮೇಲೆ ನಾವು ಕಳೆದುಕೊಂಡದ್ದು ಒಂದು ಪಾತ್ರೆಯನ್ನು ಮಾತ್ರವಲ್ಲ. ಅದು ಯಾವ ಮರದಿಂದ ಆಯಿತು, ಯಾರು ಮಾಡಿದರು, ಸವೆದಾಗ ಯಾವ ಭಾಗವನ್ನು ಬದಲಿಸುತ್ತಿದ್ದರು, ಹಾಗೆಯೇ ಏಕೆ ಬಾಗಿದೆ ಎಂಬ ತಿಳಿವಳಿಕೆ ವಾಹನದಲ್ಲಿ ಹೋಗುವುದಿಲ್ಲ, ಮನೆಯಲ್ಲಿ ಉಳಿಯುವುದೂ ಇಲ್ಲ. ಕಾಡು, ಕಸುಬು ಮತ್ತು ಮನೆ ಇವು ಮೂರನ್ನೂ ಹೆಣೆದಿದ್ದ ದಾರ ಅಲ್ಲಿಗೆ ಕಡಿಯುತ್ತದೆ. ಪರಿಸರದ ಪತ್ರಿಕೆಯೊಂದು ಪಾತ್ರೆಪಗಡೆಯ ವಿಷಯದಲ್ಲಿ ಸಂಪಾದಕೀಯ ಬರೆಯುವುದಕ್ಕೆ ಇದೇ ಕಾರಣ.

1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿ ಒಂದು ವರದಿ ಸಲ್ಲಿಸಿದರು. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿಯೇ ತಳಹದಿ. ಕುರ್ಚಿಗಳ ವಿನ್ಯಾಸದಿಂದ ಜಗತ್ತಿನಾದ್ಯಂತ ಹೆಸರಾಗಿದ್ದ ಆ ಇಬ್ಬರು ಈ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅತ್ಯಂತ ಮೆಚ್ಚಿ ಬರೆದದ್ದು ಅರಮನೆಯ ಸಿಂಹಾಸನವನ್ನಲ್ಲ, ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಎಷ್ಟು ದೊಡ್ಡ ಕೈಗೆ ಒಗ್ಗಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೇಗೆ ಕೂರಬೇಕು, ತುಂಬಿದಾಗ ಮತ್ತು ಬರಿದಾದಾಗ ತೂಕ ಎಲ್ಲಿ ನಿಲ್ಲಬೇಕು, ಸುರಿಯುವಾಗ ನೀರು ಹೇಗೆ ಬೀಳಬೇಕು, ಒಳಗೆ ಕೈಹಾಕಿ ತೊಳೆಯಲು ಸಾಧ್ಯವೇ, ನೆಲಕ್ಕಿಟ್ಟಾಗ ಎಂಥ ಸದ್ದು ಬರುತ್ತದೆ, ಹಳತಾದ ಮೇಲೆ ಲೋಹಕ್ಕೆ ಎಷ್ಟು ಬೆಲೆ ಉಳಿಯುತ್ತದೆ ಎಂದು ಅವರು ಪ್ರಶ್ನೆಗಳ ಸಾಲನ್ನೇ ಹಾಕಿಕೊಂಡರು. ಇಂಥ ವಸ್ತುವನ್ನು ಯಾರೋ ಒಬ್ಬ ಕುಳಿತು ರೂಪಿಸಲಾರ, ಹಲವು ತಲೆಮಾರುಗಳ ಕೈ ಸೇರಿ ಅದು ಹೀಗಾಗಿದೆ ಎಂದು ಕಂಡುಕೊಂಡರು. ನಾವು ಬಚ್ಚಲಿಗೆ ತಳ್ಳಿಬಿಟ್ಟ ತಂಬಿಗೆ ಅದು!

ಅದೇ ಪ್ರಶ್ನೆಗಳನ್ನು ನಮ್ಮ ಅಡುಗೆಮನೆಯ ಮೆಟ್ಟುಗತ್ತಿಗೆ ಕೇಳಿನೋಡೋಣ. ಕೆಲವೆಡೆ ಅದನ್ನು ಈಳಿಗೆಮಣೆ ಎನ್ನುತ್ತಾರೆ. ಚಾಕುವಿನಲ್ಲಿ ಅಲಗು ಚಲಿಸುತ್ತದೆ, ತರಕಾರಿ ನಿಂತಿರುತ್ತದೆ. ಇಲ್ಲಿ ಅಲಗು ನಿಂತಿದೆ, ತರಕಾರಿ ಚಲಿಸುತ್ತದೆ. ಈ ಒಂದು ಬದಲಾವಣೆಯಿಂದ ಎರಡು ಕೈಗಳೂ ಬಿಡುವಾದವು. ಮಣೆಯನ್ನು ಅಲುಗದಂತೆ ಹಿಡಿಯುವ ಕೆಲಸ ಕಾಲಿನದು. ಎರಡೂ ಕೈಗಳ ಬಲ ಬೇಡುವ ಹಲಸಿನ ಕಾಯಿಯೂ, ಬೆರಳ ತುದಿಯ ನಾಜೂಕು ಬೇಡುವ ಬೀನ್ಸಿನ ಕಾಯಿಯೂ ಒಂದೇ ಅಲಗಿಗೆ ಒಗ್ಗುತ್ತವೆ. ಅಲಗಿನ ನೆತ್ತಿಯಲ್ಲಿ ಹಲ್ಲುಹಲ್ಲಾದ ಬಿಲ್ಲೆಯೊಂದನ್ನು ಕೂರಿಸಿದರೆ ತೆಂಗಿನಕಾಯಿ ತುರಿಯುವ ಸಾಧನವೂ ಅದೇ ಆಯಿತು. ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ಸಾಲಾಗಿ ಕುಳಿತು ಅಡಿಕೆ ಸುಲಿಯುವವರ ಮುಂದಿದ್ದದ್ದೂ ಇದರದೇ ಬಂಧು. ಮಣೆಗೆ ಹಲಸಿನಂಥ ಗಟ್ಟಿ ಮರ, ಅಲಗಿಗೆ ಕಬ್ಬಿಣ. ಅಲಗು ಸವೆದರೆ ಊರಿನ ಕಮ್ಮಾರ ಹೊಸದನ್ನು ಬಡಿದು ಕೊಡುತ್ತಿದ್ದ. ಮಣೆ ಬಿರಿದರೆ ಬಡಗಿ ಹೊಸ ಮಣೆಗೆ ಹಳೆಯ ಅಲಗನ್ನು ಕೂರಿಸುತ್ತಿದ್ದ. ಹೀಗಾಗಿ ಅಜ್ಜಿಯ ಕಾಲದ ಮೆಟ್ಟುಗತ್ತಿ ಎಂದು ನಾವು ತೋರಿಸುವ ವಸ್ತುವಿನಲ್ಲಿ ಅಜ್ಜಿಯ ಕಾಲದ ಮರವಾಗಲಿ ಕಬ್ಬಿಣವಾಗಲಿ ಇಲ್ಲದಿರುವುದೂ ಉಂಟು. ಇಂದು ಅಂಗಡಿಯಲ್ಲಿ ದೊರೆಯುವ ಕಾಯಿ ತುರಿಯುವ ಯಂತ್ರದ ಹಿಡಿಕೆ ಮುರಿದರೆ ಯಂತ್ರವನ್ನೇ ಎಸೆಯಬೇಕು. ಎಸೆಯುವುದೆಲ್ಲಿಗೆ? ನಮ್ಮ ಊರಿಗೆ ಕಸದ ಗಾಡಿ ಬರುವುದಿಲ್ಲ. ಹಳ್ಳದ ದಂಡೆಯೇ ಗತಿ.

ಮಂಗಳೂರು ಹಂಚಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗಬಹುದು. ಅದು ನಮ್ಮ ಅಜ್ಜಂದಿರ ಸೃಷ್ಟಿಯಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದು, ಯುರೋಪಿನ ಮಾದರಿಯನ್ನು ಕರಾವಳಿಯ ಜೇಡಿಮಣ್ಣಿನಲ್ಲಿ ಅಚ್ಚೊತ್ತಿದ. ವರ್ಷ ವರ್ಷ ಸೋಗೆ ಹೊದೆಸುತ್ತಿದ್ದ ಮಲೆನಾಡು ಅದನ್ನು ಎಷ್ಟು ಬೇಗ ತನ್ನದಾಗಿಸಿಕೊಂಡಿತೆಂದರೆ ಇಂದು ಅದಿಲ್ಲದ ಹಳೆಯ ಮನೆಯನ್ನು ಊಹಿಸುವುದೇ ಕಷ್ಟ. ಆ ಭಟ್ಟಿಗಳು ಸೌದೆಯನ್ನು ನುಂಗಿದವು ಎಂಬುದು ನಿಜ. ಆದರೂ ಒಡೆದ ಒಂದು ಹಂಚನ್ನು ಮಾತ್ರ ತೆಗೆದು ಬೇರೊಂದನ್ನು ಸಿಕ್ಕಿಸಬಹುದು, ಕತ್ತಲೆಯ ಅಡುಗೆಮನೆಗೆ ಎರಡು ಗಾಜಿನ ಹಂಚು ಹಾಕಿದರೆ ಹಗಲೆಲ್ಲ ಬೆಳಕು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂಬ ಮಾತಿಗೆ ನಮ್ಮ ತಲೆಯ ಮೇಲಿನ ಸೂರೇ ಉತ್ತರ ಹೇಳುತ್ತದೆ.

ಇನ್ನು ಕಲಾಯಿ. ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಣಸೆಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟರೆ ಕಿಲುಬು ಬಿಡುತ್ತದೆ. ಅದು ಹೊಟ್ಟೆಗೆ ಒಳ್ಳೆಯದಲ್ಲ. ಅದಕ್ಕಾಗಿ ಒಳಮೈಗೆ ತವರದ ತೆಳುವಾದ ಲೇಪ ಕೊಡಬೇಕು. ಕಲಾಯಿಯವನು ಊರ ನಡುವೆ ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ ಇದ್ದಿಲು ಕೆಂಪಗೆ ಮಾಡಿ, ಉಜ್ಜಿದ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚುತ್ತಿದ್ದ. ಬಿಳಿಯ ಹೊಗೆ ಎದ್ದು ಲೋಹದ ಮೇಲಿನ ಕೊಳೆ ಬಿಡುತ್ತಿತ್ತು. ಒಂದು ಚೂರು ತವರವನ್ನು ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಮಸಿ ಬಣ್ಣದ ಪಾತ್ರೆ ಕ್ಷಣದಲ್ಲಿ ಬೆಳ್ಳಿಯಾಗುತ್ತಿತ್ತು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಜಾತ್ರೆ ಇರಲಿಲ್ಲ. ಕಲಾಯಿಯವರು ಬರುವುದು ವಿರಳವಾದಂತೆ ಪಾತ್ರೆಗಳು ಅಟ್ಟ ಸೇರಿದವು. ಪಾತ್ರೆಗಳು ಅಟ್ಟ ಸೇರಿದ್ದರಿಂದ ಕಲಾಯಿಯವರು ಬರುವುದು ಇನ್ನೂ ವಿರಳವಾಯಿತು. ಯಾವುದು ಮೊದಲಾಯಿತೆಂದು ಹೇಳುವುದು ಕಷ್ಟ. ದುರಸ್ತಿ ಮಾಡುವವನು ಇಲ್ಲವಾದಾಗ ಒಳ್ಳೆಯ ವಸ್ತುವೂ ಗುಜರಿಯೇ. ಅಡುಗೆಗೆ ಯೋಗ್ಯವಾಗಿದ್ದ ಪಾತ್ರೆ ಅಲಂಕಾರದ ವಸ್ತುವಾದದ್ದು ಪೇಟೆಯವರ ಅಭಿರುಚಿಯಿಂದಲ್ಲ, ನಮ್ಮಲ್ಲಿ ತವರದ ಒಂದು ಲೇಪ ದೊರೆಯದೆ ಹೋದದ್ದರಿಂದ. ಈ ಮಾತನ್ನು ಸಂತೆ ನಡೆಸುವ ಪಂಚಾಯಿತಿಗಳೂ ಸ್ವಸಹಾಯ ಸಂಘಗಳೂ ಕೇಳಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ನಾಲ್ಕು ಊರು ಸೇರಿ ಪಾತ್ರೆಗಳನ್ನು ಒಟ್ಟುಮಾಡಿ ಕಲಾಯಿಯವರನ್ನು ಕರೆಸಿದರೆ ಅವರಿಗೂ ಕೆಲಸ, ನಮಗೂ ಪಾತ್ರೆ.

ಅಟ್ಟದಲ್ಲಿ ಅಕ್ಕಿ ಅಳೆಯುವ ಪಾವು, ಅಚ್ಚೇರು, ಸೇರು, ಕೊಳಗಗಳೂ ಇರುತ್ತವೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಬಳಿಕ ದೇಶ ಮೆಟ್ರಿಕ್ ಪದ್ಧತಿಗೆ ಬಂದು ಇವು ಅಂಗಡಿಗಳಿಂದ ಮರೆಯಾದವು. ಊರಿಂದೂರಿಗೆ ಸೇರಿನ ಗಾತ್ರ ಬೇರೆಯಾಗಿತ್ತು, ಅದರಲ್ಲಿ ಮೋಸಕ್ಕೂ ಎಡೆಯಿತ್ತು. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಗೇಣಿ ಕೊಡುತ್ತಿದ್ದ ಕೊಳಗ ಎಷ್ಟು ದೊಡ್ಡದಿತ್ತು ಎಂಬುದು ಆ ಊರಿನ ಒಕ್ಕಲುಗಳ ಚರಿತ್ರೆ. ಅದನ್ನು ನೀರು ತುಂಬಿ ಲೀಟರಿನಲ್ಲಿ ಅಳೆದು ಬರೆದಿಡದೆ ಮಾರಿದರೆ ಆ ಚರಿತ್ರೆಯ ಒಂದು ಹಾಳೆ ಹರಿದಂತೆಯೇ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯಾದರೋ ಇನ್ನೂ ಬೇಲಿಯಲ್ಲಿ ತಾನಾಗಿ ಬೆಳೆಯುತ್ತಿದೆ.

ಹಳೆಯದೆಲ್ಲ ಮರಳಿ ಬರಲಿ ಎಂದು ನಾವು ಹೇಳುತ್ತಿಲ್ಲ. ಬೈನೆ ಮರದ ಒನಕೆ ನೋಡಲು ಎಷ್ಟೇ ಚೆಂದವಿರಲಿ, ನಸುಕಿನಲ್ಲಿ ಎದ್ದು ಭತ್ತ ಕುಟ್ಟಿದ ಹೆಂಗಸರ ರಟ್ಟೆಗಳನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಬೀಸುವ ಕಲ್ಲನ್ನು ಹಾಡಿ ಹೊಗಳುವವರಲ್ಲಿ ದಿನಾ ಬೀಸಿದವರು ಕಡಿಮೆ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವರಿಗೆ ಮಣ್ಣಿನ ಒಲೆಯ ಸೊಬಗನ್ನು ಬಣ್ಣಿಸುವುದು ಕ್ರೌರ್ಯವೇ ಸರಿ. ಅದಕ್ಕೊಂದು ದಾರಿಯನ್ನು ನಮ್ಮ ನಾಡಿನವರೇ ತೋರಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ಹಳ್ಳಿಯ ಒಲೆಯನ್ನು ಹೀಗಳೆಯದೆ, ಅದನ್ನೇ ಕೂಲಂಕಷವಾಗಿ ಪರೀಕ್ಷಿಸಿ, ಉರಿ ಹೊರಗೆ ಚೆಲ್ಲದಂತೆ ಮುಚ್ಚಿ, ಮೂರು ಪಾತ್ರೆ ಕೂರುವಂತೆ ಮಾಡಿ, ಹೊಗೆಗೆ ಕೊಳವೆಯಿಟ್ಟು ಅಸ್ತ್ರ ಒಲೆಯನ್ನು ರೂಪಿಸಿತು. ಒಂದೇ ಉರಿಯಿಂದ ಪಕ್ಕದ ಪಾತ್ರೆಯನ್ನೂ ಕಾಯಿಸುವ ಉಪಾಯ ನಮ್ಮ ಕೋಡೊಲೆಗೆ ಮೊದಲೇ ತಿಳಿದಿತ್ತು. ಹಳೆಯ ವಸ್ತುವನ್ನು ಗೌರವಿಸುವ ರೀತಿಗಳಲ್ಲಿ ನಮಗೆ ಹೆಚ್ಚು ಹಿಡಿಸುವುದು ಇದು. ಗದ್ದೆಯಲ್ಲಿ ಬಾಗಿ ನಾಟಿ ಮಾಡುವವರ ಬೆನ್ನ ಮೇಲೆ ಕುಳಿತು ಎರಡೂ ಕೈಗಳನ್ನು ಬಿಡುವಾಗಿಸುತ್ತಿದ್ದ ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಹಗುರವೂ ಆಗಿದೆ. ಆದರೆ ಗಾಳಿಗೆ ಹಾರದಂತೆ ಬೆನ್ನ ಆಕಾರಕ್ಕೆ ಬಾಗಿದ ಆ ಬಿದಿರ ಹೆಣಿಗೆಯನ್ನು ಯಾವ ವಿನ್ಯಾಸದ ವಿದ್ಯಾರ್ಥಿಯೂ ಇನ್ನೂ ಮುಂದಕ್ಕೆ ಒಯ್ದಂತೆ ಕಾಣುವುದಿಲ್ಲ.

ಸಂಗ್ರಹಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಪುಣೆಯ ದಿನಕರ ಕೇಳ್ಕರ್ ಅಡಕತ್ತರಿ, ದೀಪ, ಅಡುಗೆಯ ಪಾತ್ರೆಗಳಂಥ ಮನೆಬಳಕೆಯ ವಸ್ತುಗಳನ್ನು ಜೀವಮಾನವಿಡೀ ಕೂಡಿಸಿ, ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಮಾಡಿ, 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ನೆಲಸಮವಾಗಲಿದ್ದ ಮನೆಗಳನ್ನೇ ಬಿಡಿಬಿಡಿಯಾಗಿ ತಂದು ಮತ್ತೆ ನಿಲ್ಲಿಸಿದರು. ಎಲ್ಲರಿಂದಲೂ ಆಗುವ ಕೆಲಸ ಇದಲ್ಲ. ಎಲ್ಲರೂ ತಿಳಿದಿರಬೇಕಾದ ಕಾನೂನು ಮಾತ್ರ ಒಂದಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಶಿಲ್ಪ, ಚಿತ್ರ, ಕುಶಲಕಲೆಯ ವಸ್ತುಗಳೂ, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕೆತ್ತನೆಯ ಕಂಬವನ್ನೋ ತಾಳೆಗರಿಯ ಕಟ್ಟನ್ನೋ ಕೇಳಿಕೊಂಡು ಬಂದವರಲ್ಲಿ ಪರವಾನಗಿ ತೋರಿಸಿ ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಮನೆಯ ಅಥವಾ ನೆರೆಮನೆಯ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ಉದ್ದ, ಅಗಲ, ತೂಕ ಬರೆದುಕೊಳ್ಳಿ. ಪಾತ್ರೆಯಾದರೆ ಎಷ್ಟು ನೀರು ಹಿಡಿಯುತ್ತದೆಂದು ಅಳೆಯಿರಿ. ಯಾವ ಮರ, ಯಾವ ಲೋಹ, ಆ ಮರ ನಿಮ್ಮ ಊರ ಕಾಡಿನಲ್ಲಿ ಈಗಲೂ ಇದೆಯೇ, ಮಾಡಿದ ಕಸುಬಿನವರ ಮನೆಯಲ್ಲಿ ಆ ಕೆಲಸ ಬಲ್ಲವರು ಉಳಿದಿದ್ದಾರೆಯೇ ಎಂದು ವಿಚಾರಿಸಿ. ಊರಿನವರು ಅದಕ್ಕೂ ಅದರ ಬಿಡಿಭಾಗಗಳಿಗೂ ಹೇಳುವ ಹೆಸರನ್ನು ಅವರ ಉಚ್ಚಾರದಲ್ಲೇ ಬರೆಯಿರಿ. ನಿಘಂಟು ನೋಡಿ ತಿದ್ದಬೇಡಿ. ಅದನ್ನು ಬಳಸಿದ ಹಿರಿಯರೊಬ್ಬರ ಕೈಗೆ ಕೊಟ್ಟು, ಅವರು ಹಿಡಿಯುವ ರೀತಿಯನ್ನು ಚಿತ್ರದಲ್ಲಿ ತೋರಿಸಿ. ಅದರಿಂದ ಅವರು ಪಟ್ಟ ಕಷ್ಟವನ್ನೂ ಕೇಳಿ ಬರೆಯಿರಿ. ಆಯ್ದ ಬರಹಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಚಿತ್ರ ಸೊಟ್ಟಗಾದರೂ ಅಡ್ಡಿಯಿಲ್ಲ, ಅಳತೆ ಸರಿಯಿರಲಿ.